ನಾಲಿಗೆ ಪಕ್ಕ ಮೂಳೆಯಂಥ ಗಂಟು: ಇಟ್ಟುಕೊಂಡೇ ಬದುಕುತ್ತಿರುವವರು ಯಾರಾದರೂ ಇದ್ದೀರಾ?

ಟಕ್ ಸದ್ದು:

ನನಗೆ 43 ವರ್ಷ. ಎರಡು ವಾರದ ಹಿಂದೆ ರಾತ್ರಿ ಹಲ್ಲುಜ್ಜುವಾಗ ಬ್ರಷ್ ಜಾರಿ ಕೆಳದವಡೆಯ ಒಳಬದಿಗೆ ಬಡಿಯಿತು. ಟಕ್ ಅಂತ ಸದ್ದು. ವಸಡಿಗೆ ಬಡಿದರೆ ಹೀಗೆ ಸದ್ದು ಬರಲ್ವಲ್ಲ ಅಂತ ಬೆರಳು ಹಾಕಿ ನೋಡಿದೆ. ಬಲಗಡೆ, ಕೋರೆಹಲ್ಲಿನ ಹಿಂದೆ, ಬಟಾಣಿಯಷ್ಟು ಒಂದು ಗಂಟು. ಅದಕ್ಕೆ ಅಂಟಿಕೊಂಡ ಹಾಗೆ ಇನ್ನೊಂದು ಚಿಕ್ಕದು. ಕಲ್ಲಿನಂತೆ ಗಟ್ಟಿ. ಒತ್ತಿದರೆ ನೋವಿಲ್ಲ, ಅಲ್ಲಾಡುವುದೂ ಇಲ್ಲ. ಎದೆ ಧಸಕ್ ಅಂತು. ಆಮೇಲೆ ಎಡಗಡೆ ತಡವಿದರೆ ಅಲ್ಲೂ ಇದೆ!

ಮೊಬೈಲ್ ಟಾರ್ಚ್ ಹಿಡಿದು, ನಾಲಿಗೆ ಮೇಲೆತ್ತಿ, ಜೊಲ್ಲು ಸುರಿಸಿಕೊಂಡು ಕನ್ನಡಿ ಮುಂದೆ ಅರ್ಧ ಗಂಟೆ ನಿಂತಿದ್ದೆ. ಬಣ್ಣ ವಸಡಿನದ್ದೇ, ತುಸು ಬಿಳಿಚಿಕೊಂಡಿದೆ. ಅವತ್ತು ರಾತ್ರಿ ಮನಸ್ಸು ಎಲ್ಲೆಲ್ಲಿಗೆ ಹೋಯಿತು ಅಂತ ಇಲ್ಲಿ ಬರೆಯಬೇಕಾಗಿಲ್ಲ.

ಹಲ್ಲಿನ ಡಾಕ್ಟರ್ ಹತ್ತು ಸೆಕೆಂಡ್ ನೋಡಿ, "ಟೋರಸ್. ಮೂಳೆ ಬೆಳೆದಿದೆ ಅಷ್ಟೇ, ಏನೂ ಮಾಡಬೇಕಾಗಿಲ್ಲ" ಅಂದರು. ಬೇರೆ ಹಲ್ಲಿಗೆ ಅಂತ ಎಕ್ಸ್-ರೇ ತೆಗೆಯುವಾಗ ಆ ಸೆನ್ಸರನ್ನು ಸೀದಾ ಗಂಟಿನ ಮೇಲೇ ಒತ್ತಿದರು. ಕಣ್ಣಲ್ಲಿ ನೀರು ಬಂತು. ಏನಾದರೂ ಕೇಳೋಣ ಅಂದರೆ ಅಷ್ಟರಲ್ಲಿ ಮುಂದಿನವರನ್ನು ಕರೆದಾಗಿತ್ತು.

ಏನೂ ಮಾಡಬೇಕಾಗಿಲ್ಲ, ಸರಿ, ಒಪ್ಪಿದೆ. ಆದರೆ ದಿನವಿಡೀ ನಾಲಿಗೆ ಅಲ್ಲಿಗೇ ಹೋಗುತ್ತದೆ. ನನ್ನದು ದಿನಕ್ಕೆ ಆರು ಗಂಟೆ ಫೋನಲ್ಲಿ ಮಾತಾಡುವ ಕೆಲಸ. ಮಾತು ತೊದಲುತ್ತಿದೆ ಅನ್ನಿಸುತ್ತಿದೆ. ಎರಡು ವಾರದ ಹಿಂದೆ ಹೀಗಿರಲಿಲ್ಲ! 43 ವರ್ಷ ನನಗೆ ಗೊತ್ತಾಗದೆ ಇದು ಬಾಯಲ್ಲಿ ಕೂತಿತ್ತಾ? ಇನ್ನೂ ಬೆಳೆಯುತ್ತಾ? ಇದನ್ನು ಇಟ್ಟುಕೊಂಡಿರುವವರು ದಿನ ಹೇಗೆ ಕಳೆಯುತ್ತೀರಿ, ಹೇಳಿ.

ಮೂರು ಗುಡ್ಡದ ಯಜಮಾನ:

ಬನ್ನಿ ಮೇಡಂ, ನಮ್ಮ ಗುಂಪಿಗೆ ಸ್ವಾಗತ. ನನ್ನ ಬಾಯಲ್ಲಿ ಮೂರಿವೆ. ಕೆಳಗೆ ನಿಮ್ಮ ಹಾಗೇ ಎರಡೂ ಬದಿ, ಮೇಲೆ ಅಂಗುಳದ ನಟ್ಟನಡುವೆ ಒಂದು. ನನಗೆ ಈಗ 61. ಗೊತ್ತಾಗಿ 26 ವರ್ಷ ಆಯಿತು.

ಮೊದಲು ನಾಲಿಗೆ ವಿಷಯ. ನಾಲಿಗೆಯಂಥ ಸುಳ್ಳುಗಾರ ಇನ್ನೊಬ್ಬನಿಲ್ಲ. ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡರೆ ಮರದ ದಿಮ್ಮಿ ಅನ್ನುತ್ತದೆ, ತೆಗೆದು ನೋಡಿದರೆ ಸಾಸಿವೆಯಷ್ಟೂ ಇರುವುದಿಲ್ಲ. ಅಂಗುಳದ ಗುಡ್ಡ ಅರ್ಧ ಬಾಯಿ ತುಂಬಿದೆ ಅಂತಲೇ ನಾನು ವರ್ಷಗಟ್ಟಲೆ ನಂಬಿದ್ದೆ. ಒಮ್ಮೆ ಬೇರೆ ಯಾವುದಕ್ಕೋ ಬಾಯಿಯ ಅಚ್ಚು ತೆಗೆದರು. ಪ್ಲಾಸ್ಟರ್ ಮಾದರಿ ಮೇಜಿನ ಮೇಲಿತ್ತು. ಎತ್ತಿ ನೋಡಿದೆ. ನನ್ನ ಹೆಬ್ಬೆರಳಿನ ಉಗುರಿನಷ್ಟೂ ಇಲ್ಲ! ನಡುವೆ ಒಂದು ಸಣ್ಣ ಗೆರೆ, ಕಾಳು ಎರಡು ಹೋಳಾಗುವ ಕಡೆ ಇರುತ್ತದಲ್ಲ, ಹಾಗೆ. ಸುಮಾರು ಹೊತ್ತು ಅದನ್ನೇ ಸವರುತ್ತಾ ಕೂತಿದ್ದೆ. ಅರ್ಧ ಭಯ ಅವತ್ತೇ ಹೋಯಿತು.

ಬೆರಳು ತಾಗಿದ ಮೇಲೆ ನಾಲಿಗೆಗೆ ಅದೇ ಕೆಲಸ. ಎರಡು ಮೂರು ತಿಂಗಳು ಬಿಡಿ, ಅದಕ್ಕೇ ಬೇಜಾರಾಗಿ ಸುಮ್ನಾಗುತ್ತದೆ. ಮಾತಿನ ಬಗ್ಗೆ ಅನುಮಾನ ಇದ್ದರೆ ಒಂದು ಕೆಲಸ ಮಾಡಿ. ಹೋದ ವರ್ಷ ಯಾರಿಗೋ ಕಳಿಸಿದ ವಾಯ್ಸ್ ಮೆಸೇಜ್ ಹುಡುಕಿ. ಅದೇ ಮಾತನ್ನು ಈಗ ರೆಕಾರ್ಡ್ ಮಾಡಿ, ಎರಡನ್ನೂ ಒಟ್ಟಿಗೆ ಕೇಳಿ. ವ್ಯತ್ಯಾಸ ಇರುವುದಿಲ್ಲ ಅಂತ ನನ್ನ ಪಂತ.

ನಿಜವಾದ ಕಾಟ ಗೀರಿನದ್ದು. ಈ ಗಂಟಿನ ಮೇಲಿನ ಚರ್ಮ ಬಹಳ ತೆಳು, ಕೆಳಗೆ ಸೀದಾ ಮೂಳೆ. ಮಧ್ಯದಲ್ಲಿ ಮೆತ್ತಗಿನದ್ದು ಅಂತ ಏನೂ ಇಲ್ಲ. ರಕ್ತ ಓಡಾಟವೂ ಕಡಿಮೆ. ಹಾಗಾಗಿ ಬೇರೆ ಕಡೆ ಮೂರು ದಿನಕ್ಕೆ ಮಾಯುವ ಗಾಯ ಇಲ್ಲಿ ನಿಧಾನ. ಒಮ್ಮೆ ಆತುರಕ್ಕೆ ಬಿಸಿ ಬಿಸಿ ಬಾಯಿಗೆ ಹಾಕಿಕೊಂಡು ಅಂಗುಳದ ಗುಡ್ಡದ ನೆತ್ತಿ ಸುಟ್ಟುಕೊಂಡೆ. ಸಿಪ್ಪೆ ಎದ್ದು, ಬೆಂದ ಹಾಲಿನ ಕೆನೆಯ ಹಾಗೆ ನೇತಾಡುತ್ತಿತ್ತು. ಪೂರ್ತಿ ಮಾಯಲು 12 ದಿನ. ಅಷ್ಟೂ ದಿನ ಉಗುರುಬೆಚ್ಚಗಿನ ಉಪ್ಪು ನೀರು ಮುಕ್ಕಳಿಸಿದೆ, ಮೆತ್ತನೆ ಬ್ರಷ್ ಹಿಡಿದೆ. ಉರಿಯುವ ಮೌತ್‌ವಾಷ್ ದೂರ ಇಟ್ಟೆ. ಗರಿಗರಿ ತಿನ್ನುವುದನ್ನು ಮಾತ್ರ ಇವತ್ತಿಗೂ ಬಿಟ್ಟಿಲ್ಲ. ಚಿಕ್ಕದಾಗಿ ಮುರಿದು ದವಡೆಹಲ್ಲಿಗೆ ಕೊಟ್ಟು, ಅಂಗುಳಕ್ಕೆ ಒತ್ತದೆ ಅಗಿಯುತ್ತೇನೆ. ಅದೀಗ ಅಭ್ಯಾಸ, ಯೋಚನೆ ಮಾಡಬೇಕಾಗಿಲ್ಲ.

ಎಕ್ಸ್-ರೇಗೆ ಒಂದೇ ಮಾತು. ಕುರ್ಚಿಯಲ್ಲಿ ಕೂತ ತಕ್ಷಣ, ಬಾಯಿ ತೆರೆಯುವ ಮೊದಲು, "ನನಗೆ ಟೋರಸ್ ಇದೆ, ಸೆನ್ಸರನ್ನು ಗಂಟಿಗೂ ನಾಲಿಗೆಗೂ ನಡುವೆ ಇಡಿ" ಅಂತ ಹೇಳಿಬಿಡಿ. ಬಾಯಿ ತೆರೆದ ಮೇಲೆ ಹೇಳಲು ಆಗುವುದಿಲ್ಲ, ಅಲ್ವಾ?

ಕನ್ನಡಿ ಮತ್ತು ಪ್ರೋಬ್:

ನಾನು ಹಲ್ಲಿನ ಡಾಕ್ಟರ್. ಪ್ರಶ್ನೆಗೆ ಉತ್ತರಿಸದೆ ಕಳಿಸಿದ್ದು ತಪ್ಪು. ಆದರೆ ನೋಡಲು ಹತ್ತು ಸೆಕೆಂಡ್ ಯಾಕೆ ಸಾಕಾಯಿತು ಅಂತ ಹೇಳುತ್ತೇನೆ.

ಇದು ಕೂರುವ ಜಾಗವೇ ಇದರ ಗುರುತು. ಕೆಳದವಡೆಯ ಒಳಬದಿ, ಕೋರೆಹಲ್ಲು ಮತ್ತು ಅದರ ಹಿಂದಿನ ಚಿಕ್ಕ ದವಡೆಹಲ್ಲುಗಳ ಹತ್ತಿರ, ಹೆಚ್ಚಿನವರಲ್ಲಿ ಎರಡೂ ಕಡೆ. ಇದಕ್ಕೆ ಟೋರಸ್ ಮ್ಯಾಂಡಿಬ್ಯುಲಾರಿಸ್ ಅನ್ನುತ್ತೇವೆ. ಅಂಗುಳದ ನಡುಗೆರೆ ಮೇಲಿನದ್ದು ಟೋರಸ್ ಪ್ಯಾಲಟೈನಸ್, ಅದು ಹೆಂಗಸರಲ್ಲಿ ಜಾಸ್ತಿ. ಲ್ಯಾಟಿನ್‌ನಲ್ಲಿ ಟೋರಸ್ ಅಂದರೆ ಉಬ್ಬು, ಹೆಸರು ಕೇಳಿ ಹೆದರಬೇಡಿ. ಒಳಗಿರುವುದು ಮಾಮೂಲಿ ಗಟ್ಟಿ ಮೂಳೆ. ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ತಿರುಗುವುದೂ ಇಲ್ಲ.

ಬೆಳೆಯುತ್ತದೆ, ಆದರೆ ವರ್ಷಗಟ್ಟಲೆ ತೆಗೆದುಕೊಂಡು. ಚಿಕ್ಕ ಮಕ್ಕಳಲ್ಲಿ ಅಪರೂಪ, ದೊಡ್ಡವರಾದ ಮೇಲೇ ಕಣ್ಣಿಗೆ ಬೀಳುವುದು. ಕೆಲವರಲ್ಲಿ ಒಂದು ಹಂತಕ್ಕೆ ನಿಂತೂ ಬಿಡುತ್ತದೆ. ನಿಮ್ಮದು ಬಹುಶಃ ಬಹಳ ಕಾಲದಿಂದ ಇತ್ತು, ಬ್ರಷ್ ಬಡಿದು ಪರಿಚಯ ಮಾಡಿಸಿತು ಅಷ್ಟೇ. ಕಾರಣ ಇದೇ ಅಂತ ಒಂದನ್ನೇ ಬೆಟ್ಟು ಮಾಡಲಾಗದು. ಮನೆತನದಲ್ಲಿ ಹರಿದು ಬರುತ್ತದೆ, ದವಡೆಗೆ ಬೀಳುವ ಒತ್ತಡವೂ ಸೇರುತ್ತದೆ ಅನ್ನುತ್ತಾರೆ. ಅಮ್ಮನ ಬಾಯಿ ನೋಡಿ, ಸಿಕ್ಕರೂ ಸಿಗಬಹುದು.

ಮತ್ತೆ ಬಂದು ತೋರಿಸಿ ಅಂತ ನಾನು ಹೇಳುವುದು ಬೇರೆ ಲಕ್ಷಣಗಳಿಗೆ. ಒಂದೇ ಕಡೆ ಇದ್ದು ಬೇಗ ಬೇಗ ದೊಡ್ಡದಾದರೆ, ಮೆತ್ತಗಿದ್ದರೆ, ಹತ್ತಿರದ ಹಲ್ಲು ಅಲ್ಲಾಡಿದರೆ, ತುಟಿ ಅಥವಾ ನಾಲಿಗೆ ಜೋಮು ಹಿಡಿದರೆ, ಹುಣ್ಣು ಎರಡು ವಾರವಾದರೂ ಮಾಯದಿದ್ದರೆ. ಇನ್ನೊಂದನ್ನು ಮರೆಯಬೇಡಿ. ಮೂಳೆ ಸವೆತಕ್ಕೆ ಅಂತ ಬಿಸ್ಫಾಸ್ಫೊನೇಟ್ ಅಥವಾ ಡೆನೋಸುಮ್ಯಾಬ್ ತೆಗೆದುಕೊಳ್ಳುವವರು ಗಂಟಿನ ಮೇಲಿನ ಚಿಕ್ಕ ಗೀರನ್ನೂ ಹಗುರವಾಗಿ ನೋಡಬಾರದು. ಚರ್ಮ ಹೋಗಿ ಮೂಳೆ ಬರಿದಾದರೆ ಅಂಥವರಲ್ಲಿ ಮುಚ್ಚಿಕೊಳ್ಳುವುದು ಕಷ್ಟ. ಈ ಔಷಧಿ ಇದೆ ಅಂತ ಹಲ್ಲಿನವರಿಗೆ ನೀವೇ ಹೇಳಬೇಕು.

ತೆಗೆಸಿದವನು:

ನಾನು ಅಂಗುಳದ್ದನ್ನು ತೆಗೆಸಿದೆ, ಸುಮ್ನೆ ಅಲ್ಲ. ಮೇಲಿನ ಹಲ್ಲೆಲ್ಲ ಹೋಗಿ ಪೂರ್ತಿ ಸೆಟ್ ಕಟ್ಟಿಸಬೇಕಾಯಿತು. ಗುಡ್ಡದ ಮೇಲೆ ಹಲಗೆ ಇಟ್ಟ ಹಾಗೆ ಸೆಟ್ ಆಚೆ ಈಚೆ ತೂಗುತ್ತಿತ್ತು. ಆ ಜಾಗದಲ್ಲಿ ಸೆಟ್ಟನ್ನೇ ಸ್ವಲ್ಪ ಕೆರೆದು ಬಿಡುವು ಕೊಟ್ಟು ನೋಡಿದರು, ಆಗಲಿಲ್ಲ.

ಬಾಯಿ ಮರಗಟ್ಟಿಸಿ ಮಾಡಿದರು, ಎಚ್ಚರ ಇತ್ತು. ನೋವಿಲ್ಲ, ಆದರೆ ಡ್ರಿಲ್ ಸದ್ದು ತಲೆಬುರುಡೆಯಲ್ಲೇ ಮೊಳಗುತ್ತದೆ. ಹೊಲಿಗೆ ಹಾಕಿ, ಚರ್ಮ ಕೂರಲಿ ಅಂತ ಪ್ಲಾಸ್ಟಿಕ್ ಪ್ಲೇಟ್ ಒಂದನ್ನು ಅಂಗುಳಕ್ಕೆ ಒತ್ತಿ ಇಟ್ಟರು. ಮೊದಲ ವಾರ ಗಂಜಿಯಂಥದ್ದೇ ಗತಿ. ಅಂಗುಳದ ಮೇಲ್ಗಡೆ ಮೂಗಿನ ತಳ ಇರುವುದರಿಂದ ತೂತು ಬೀಳುವ ಅಪಾಯ ಇದೆ ಅಂತ ಮೊದಲೇ ಹೇಳಿದ್ದರು. ಕೆಳಗಿನದ್ದಾದರೆ ನಾಲಿಗೆಯ ನರಕ್ಕೆ ಪೆಟ್ಟಾಗಬಹುದಂತೆ. ಕಾಲಾಂತರದಲ್ಲಿ ಮತ್ತೆ ಬೆಳೆದರೂ ಬೆಳೆಯಬಹುದು. ಮೇಡಂ, ಸ್ವಂತ ಹಲ್ಲು ಇರುವಾಗ ಬರೀ ಕಿರಿಕಿರಿ ಅಂತ ಇದಕ್ಕೆ ಕೈ ಹಾಕಬೇಡಿ. ನನಗೆ ಸೆಟ್ ಈಗ ಚೆನ್ನಾಗಿ ಕೂತಿದೆ, ಆ ಮಟ್ಟಿಗೆ ಪಶ್ಚಾತ್ತಾಪ ಇಲ್ಲ.

ಟಕ್ ಸದ್ದು:

ಎಲ್ಲರಿಗೂ ಥ್ಯಾಂಕ್ಸ್. ವಾಯ್ಸ್ ಮೆಸೇಜ್ ಪರೀಕ್ಷೆ ಮಾಡಿದೆ. ಹೇಳದೆ ನಮ್ಮವರಿಗೆ ಎರಡನ್ನೂ ಕೇಳಿಸಿ ಯಾವುದು ಹೊಸದು ಅಂದೆ. ತಪ್ಪು ಹೇಳಿದರು. ಪಂತ ನೀವೇ ಗೆದ್ದಿರಿ.

ಅಮ್ಮನ ಬಾಯಲ್ಲೂ ಸಿಕ್ಕಿತು! "ಅದು ಯಾವಾಗಿಂದಲೂ ಇದೆಯಲ್ಲ, ಎಲ್ಲರಿಗೂ ಇರುತ್ತೆ ಅಂದುಕೊಂಡಿದ್ದೆ" ಅಂದರು. ನಾನು ಎರಡು ವಾರ ನಿದ್ದೆಗೆಟ್ಟಿದ್ದಕ್ಕೆ ಸಿಕ್ಕ ಸಮಾಧಾನ ಇಷ್ಟು.

ಇನ್ನೊಂದು ಗೊತ್ತಾಯಿತು. ನಾನು ನಿದ್ದೆಯಲ್ಲಿ ಹಲ್ಲು ಕಡಿಯುತ್ತೇನಂತೆ, ನಮ್ಮವರು ಈಗ ಬಾಯಿ ಬಿಟ್ಟರು. ರಾತ್ರಿ ಹಾಕಿಕೊಳ್ಳುವ ಗಾರ್ಡ್ ಮಾಡಿಸಿದರೆ ಗಂಟು ಕಡಿಮೆಯಾಗುತ್ತಾ?

ಕನ್ನಡಿ ಮತ್ತು ಪ್ರೋಬ್:

ಇರುವ ಗಂಟು ಕರಗುವುದಿಲ್ಲ. ಹಲ್ಲು ಸವೆಯುವುದು ತಪ್ಪುತ್ತದೆ, ಅದಕ್ಕಾಗಿ ಮಾಡಿಸಿ. ನಿಮಗೆ ಗಂಟು ಕೆಳಗಿರುವುದರಿಂದ ಮೇಲಿನ ಹಲ್ಲಿಗೆ ಕೂರುವ ಗಾರ್ಡ್ ಕೇಳಿ, ಅಂಚು ಉಜ್ಜುವ ಗೋಜು ಇರುವುದಿಲ್ಲ.

ಮೂರು ಗುಡ್ಡದ ಯಜಮಾನ:

ಗಾರ್ಡಿಗೆ ಅಂತ ಅಚ್ಚು ತೆಗೆಯುವಾಗ ಕೆಳಗಿನದ್ದನ್ನೂ ತೆಗೆದರೆ ಟ್ರೇ ಗಂಟಿಗೆ ಒತ್ತೀತು. ಒತ್ತಿದರೆ ಕೈ ಎತ್ತಿ, ಬೇರೆ ಅಳತೆಯದು ಹಾಕುತ್ತಾರೆ. ಮೂಗಲ್ಲಿ ಉಸಿರಾಡಿ. ಆಮೇಲೆ ಆ ಪ್ಲಾಸ್ಟರ್ ಮಾದರಿಯನ್ನು ಕೇಳಿ ಇಸ್ಕೊಳ್ಳಿ. ನನ್ನದು ಇನ್ನೂ ಮೇಜಿನ ಮೇಲಿದೆ, ಕಾಗದ ಹಾರದ ಹಾಗೆ ಇಟ್ಟಿದ್ದೇನೆ.