‘ದಾದಿ’ಗೆ ಗಂಡು ರೂಪ ಏನು?

ಗೆಳೆಯರೇ,

ನರ್ಸಿಂಗ್ ಓದಿ ಜರ್ಮನಿಗೆ ಹೊರಟವರಿಗೆ ನಾನು ಜರ್ಮನ್ ಪಾಠ ಹೇಳುತ್ತೇನೆ. ಅವರಿಗಾಗಿ ಒಂದು ಜರ್ಮನ್-ಕನ್ನಡ ಪದಪಟ್ಟಿ ಮಾಡುತ್ತಾ ಕೂತಿದ್ದೇನೆ. ಒಂದು ಪದದ ಹತ್ತಿರ ಗಾಡಿ ನಿಂತುಬಿಟ್ಟಿದೆ.

ಹಳೆಯ ಪಾಠದ ಜೆರಾಕ್ಸ್‌ನಲ್ಲಿ ಬಿಳಿ ಟೋಪಿ ಹಾಕಿದ ಹೆಂಗಸಿನ ಚಿತ್ರ, ಕೆಳಗೆ ‘ಕ್ರಾಂಕನ್‌ಶ್ವೆಸ್ಟರ್’. ಶ್ವೆಸ್ಟರ್ ಅಂದರೆ ಅಕ್ಕ ಅಥವಾ ತಂಗಿ, ನಮ್ಮ ಆಸ್ಪತ್ರೆಗಳ ‘ಸಿಸ್ಟರ್’ ಇದ್ದ ಹಾಗೆ. ಮೊನ್ನೆ ಮೀಸೆ ಬಿಟ್ಟ ಹುಡುಗನೊಬ್ಬ ಅದನ್ನೇ ನೋಡಿಕೊಂಡು ‘ಇಷ್ ಬಿನ್ ಕ್ರಾಂಕನ್‌ಶ್ವೆಸ್ಟರ್’ (ನಾನು ಸಿಸ್ಟರ್) ಅಂದ. ಎಲ್ಲರೂ ನಕ್ಕರು. ಅವನೇನು ಮಾಡಿಯಾನು, ಆ ಪಾಠದಲ್ಲಿ ಗಂಡಸೇ ಇಲ್ಲ!

ಜರ್ಮನಿಯಲ್ಲಿ ಕೋರ್ಸ್ ಮುಗಿಸಿದವರಿಗೆ ಆ ಹೆಸರು ಕೊಡುವುದು 2004ರಲ್ಲೇ ನಿಂತಿತು. 2020ರಿಂದ ಹೆಂಗಸಿಗೆ ‘ಫ್ಲೇಗೆಫಾಖ್‌ಫ್ರಾವ್’, ಗಂಡಸಿಗೆ ‘ಫ್ಲೇಗೆಫಾಖ್‌ಮಾನ್’. ಕೆಲಸದ ಜಾಹೀರಾತುಗಳಲ್ಲಿ ಇಬ್ಬರಿಗೂ ಸೇರಿಸಿ ‘ಫ್ಲೇಗೆಫಾಖ್‌ಕ್ರಾಫ್ಟ್’ ಅಂತಾರೆ. ಮಜಾ ಅಂದರೆ, ಸೂಲಗಿತ್ತಿಯರ ವಿಷಯದಲ್ಲಿ ಅದೇ 2020ರಲ್ಲಿ ಉಲ್ಟಾ ಆಯಿತು. ‘ಹೇಬಾಮೆ’ ಹೆಣ್ಣುಪದ. ಗಂಡಸರಿಗೆ ಬೇರೆ ಹೆಸರಿತ್ತು. ಹೊಸ ಕಾನೂನು ಅದನ್ನು ಬಿಟ್ಟು ಎಲ್ಲರಿಗೂ ‘ಹೇಬಾಮೆ’ ಎಂದೇ ಮಾಡಿತು.

ನಮ್ಮಲ್ಲಿ ಇದು ನಡೆಯುತ್ತಾ? ‘ದಾದಿ ಬಂದಳು’ ಸರಿ. ‘ದಾದಿ ಬಂದನು’ ಅಂದರೆ ಕಿವಿಗೆ ಕಲ್ಲು ಸಿಕ್ಕ ಹಾಗಾಗುತ್ತದೆ. ‘ಸೂಲಗಿತ್ತಿ’ಯಲ್ಲಂತೂ ‘-ಗಿತ್ತಿ’ ಅಂಟಿಕೊಂಡೇ ಇದೆ. ಮೇ 12 ಬಂದರೆ ಪೇಪರಿನಲ್ಲಿ ‘ದಾದಿಯರ ದಿನ’, ನನ್ನ ಮೀಸೆ ಹುಡುಗ ಅದರಲ್ಲಿ ಎಲ್ಲಿದ್ದಾನೆ?

‘ಶುಶ್ರೂಷಕ/ಶುಶ್ರೂಷಕಿ’ ಎಂದು ಓರೆಗೆರೆ ಹಾಕಬಹುದು. ಆದರೆ ಆ ಪದ ವಾರ್ಡಿನಲ್ಲಿ ಯಾರ ಬಾಯಲ್ಲೂ ಕೇಳಿಲ್ಲ. ‘ಆರೈಕೆಗಾರ’ ಅಂದರೆ ‘-ಗಾರ್ತಿ’ ಹೊರಗುಳಿಯುತ್ತಾಳೆ. ಬಹುವಚನದಲ್ಲಿ ನಮಗೆ ಕಷ್ಟವಿಲ್ಲ, ‘ಶಿಕ್ಷಕರು’ ಅಂದರೆ ಆಯ್ತು. ಜರ್ಮನ್‌ನವರು ‘ಲೇರರಿನ್ನನ್ ಉಂಡ್ ಲೇರರ್’ (ಶಿಕ್ಷಕಿಯರು ಮತ್ತು ಶಿಕ್ಷಕರು) ಅಂತ ಎರಡು ಸಲ ಹೇಳಬೇಕು, ಇಲ್ಲವೇ ಇಬ್ಬರನ್ನೂ ಸೇರಿಸಲು ಪದದ ನಡುವೆ ನಕ್ಷತ್ರ ಚಿಹ್ನೆ (*) ಹಾಕಬೇಕು. ಆ ನಕ್ಷತ್ರಕ್ಕೂ ಜಗಳ: ಜರ್ಮನಿಯ ಬವೇರಿಯಾ ರಾಜ್ಯ 2024ರ ಏಪ್ರಿಲ್‌ನಿಂದ ಶಾಲೆ, ಸರ್ಕಾರಿ ಕಚೇರಿಗಳಲ್ಲಿ ಅದನ್ನು ನಿಷೇಧಿಸಿದೆ. ನಮಗೆ ಪೇಚು ಬರುವುದು ಏಕವಚನದಲ್ಲೇ.

ಸದ್ಯಕ್ಕೆ ಪಟ್ಟಿಯಲ್ಲಿ ಸುಮ್ನೆ ‘ನರ್ಸ್’ ಅಂತ ಬರೆದಿದ್ದೇನೆ. ನರ್ಸ್ ಬಂದ, ನರ್ಸ್ ಬಂದಳು, ಎರಡೂ ನಡೆಯುತ್ತದೆ, ಅಲ್ವಾ? ಆಸ್ಪತ್ರೆಯಲ್ಲಿ ಕರೆಯುವಾಗ ಗಂಡಸರಿಗೆ ‘ಬ್ರದರ್’ ಅನ್ನುವುದು ಕೇಳಿದ್ದೇನೆ. ನಿಮ್ಮ ಕಡೆ, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವ ಗಂಡಸಿಗೆ ಹಳ್ಳಿಮಾತಿನಲ್ಲಿ ಏನಾದರೂ ಹೆಸರಿದೆಯೇ?