ಪಜಾಮ ಕಾರ್ಡಿನಲ್ ಮೀನು ಐದು ದಿನದಿಂದ ತಿಂತಿಲ್ಲ, ಗಂಟಲು ಊದಿದೆ, ಯಾರಾದ್ರೂ ಹೇಳಿ

ಕಾಫಿತೋಟ:
ಎಲ್ರಿಗೂ ನಮಸ್ಕಾರ, ನಮ್ದು ಮಡಿಕೇರಿ ಹತ್ರ, ಮನೇಲಿ 200 ಲೀಟರ್ ಉಪ್ಪುನೀರಿನ ಟ್ಯಾಂಕ್ ಇದೆ. ನಾಲ್ಕು ಪಜಾಮ ಕಾರ್ಡಿನಲ್ ಇವೆ, ಅದ್ರಲ್ಲಿ ಒಂದು ಐದು ದಿನದಿಂದ ಏನೂ ಮುಟ್ತಿಲ್ಲ, ಮೈಸಿಸ್ (ಮೀನಿಗೆ ಹಾಕೋ ಸಣ್ಣ ಸೀಗಡಿಯಂಥ ಆಹಾರ) ಮೂತಿ ಮುಂದೇನೇ ಹೋದ್ರೂ ಸುಮ್ನಿರತ್ತೆ, ಗಂಟಲು ಊದ್ಕೊಂಡು ಬಾಯ್ತುಂಬ ಎಲೆಅಡಿಕೆ ಹಾಕ್ಕೊಂಡು ಕೂತೋರ ಥರ ಕಾಣತ್ತೆ. ಮೊನ್ನೆ ಮಳೆಗೆ ಮರ ಬಿದ್ದು ಕರೆಂಟ್ ಹೋಗಿ 26 ಡಿಗ್ರಿ ಇದ್ದ ನೀರು 23ಕ್ಕೆ ಇಳಿದಿತ್ತು, ಅದ್ರಿಂದ ರೋಗ ಬಂತಾ? ಭಯಕ್ಕೆ ರಾತ್ರಿ ಗಂಟೆಗೊಂದ್ಸಲ ಲೈಟ್ ಹಾಕಿ ನೋಡ್ತಿದೀನಿ. ಮೀನು ಕೊಟ್ಟ ಅಂಗಡಿಯೋರು ತಾಮ್ರದ ಔಷಧಿ ಹಾಕಿ ಅಂದ್ರು, ಹಾಕ್ಲಾ?

ಉಪ್ಪುನೀರು:
ಸರ್ ಔಷಧಿ ಮಾತ್ರ ಹಾಕ್ಬೇಡಿ, ತಾಮ್ರ ಬಿದ್ರೆ ಟ್ಯಾಂಕಲ್ಲಿರೋ ಹವಳ, ಸೀಗಡಿ ಉಳಿಯಲ್ಲ. ಮೊದ್ಲು ಇದು ಹೇಳಿ, ಉಸಿರು ಜೋರಾಗಿ ಎಳೀತಿದ್ಯಾ, ಮೈಮೇಲೆ ಬಿಳಿ ಚುಕ್ಕೆ ಇದ್ಯಾ, ಊತ ಎರಡೂ ಕಡೆ ಸಮ ಇದ್ಯಾ?

ಕಾಫಿತೋಟ:
ಚುಕ್ಕೆ ಇಲ್ಲ, ಉಸಿರು ಮಾಮೂಲಿ, ಊತ ಸಮ ಇದೆ. ಆಗಾಗ ಬಾಯಿ ತೆಗೆದು ಮುಕ್ಕಳಿಸಿದ ಹಾಗೆ ಮಾಡತ್ತೆ, ಆಗ ಒಳಗೆ ಗಸಗಸೆ ಉಂಡೆ ಥರ ಏನೋ ಕಾಣ್ತು.

ಉಪ್ಪುನೀರು:
ಅದು ಮೊಟ್ಟೆ ಸರ್! ನಿಮ್ಮ ಮೀನು ಗಂಡು. ಕಾರ್ಡಿನಲ್ ಜಾತೀಲಿ ಹೆಣ್ಣು ಇಟ್ಟ ಮೊಟ್ಟೆನ ಗಂಡು ಬಾಯಲ್ಲಿಟ್ಕೊಂಡು ಕಾಯತ್ತೆ, ಮರಿ ಹೊರಗೆ ಬರೋ ತನಕ ಸುಮಾರು ಒಂದು ವಾರ ಉಪವಾಸಾನೇ, ಮುಕ್ಕಳಿಸೋದು ಮೊಟ್ಟೆಗಳಿಗೆ ಗಾಳಿ ಸಿಗ್ಲಿ ಅಂತ ತಿರುಗಿಸೋದು. ಈಗ ಹೆದರಿಸಿದ್ರೆ ಉಗುಳ್ಬಿಡತ್ತೆ ಇಲ್ಲಾ ನುಂಗ್ಬಿಡತ್ತೆ, ಬಲೆ ಹಾಕ್ಬೇಡಿ, ಬಾಯಿ ತೆಗೆದು ನೋಡೋಕಂತೂ ಹೋಗ್ಲೇಬೇಡಿ.

ರಾತ್ರಿ ಲೈಟ್ ಇವತ್ತಿಂದಾನೇ ನಿಲ್ಲಿಸಿ. ಇವು ರಾತ್ರಿ ಓಡಾಡೋ ಮೀನು, ಆ ದೊಡ್ಡ ಕಣ್ಣು ಇರೋದೇ ಅದಕ್ಕೆ. ಜಾವಾದಿಂದ ಫಿಜಿ ತನಕ ಹವಳದ ದಿಬ್ಬಗಳ ಮರೇಲಿ ಅಲೆ ಕಮ್ಮಿ ಇರೋ ಲಗೂನ್‌ಗಳಲ್ಲಿ ಹಗಲು ಕವಲು ಹವಳದ ಸಂದೀಲಿ ಗುಂಪಾಗಿ ನಿಂತಿರ್ತವೆ, ಕತ್ತಲಾದ್ಮೇಲೆ ಬೇರೆಬೇರೆ ಆಗಿ ತಳದ ಹತ್ರ ಹುಳಹುಪ್ಪಟೆ ಹುಡುಕ್ತವೆ, ಹಾಗಾಗಿ ಹಗಲು ಸಂದೀಲಿ ನಿಂತಿದೆ ಅಂತ ಚಿಂತೆ ಬೇಡ. ನೋಡ್ಲೇಬೇಕು ಅನಿಸಿದ್ರೆ ಟಾರ್ಚ್‌ಗೆ ಕೆಂಪು ಪ್ಲಾಸ್ಟಿಕ್ ಕಟ್ಕೊಳ್ಳಿ.

ನಂಗೆ ಮೊಟ್ಟೆಗಿಂತ ನಿಮ್ಮೂರ ಕರೆಂಟಿಂದೇ ಚಿಂತೆ, ಆಟಿ ಮಳೆ ಮುಗಿಯೋ ತನಕ ಟ್ಯಾಂಕ್‌ಗೆ ಮೂರು ಕಡೆ ಥರ್ಮಾಕೋಲ್ ಅಂಟಿಸಿ, ಕರೆಂಟ್ ಹೋದ ತಕ್ಷಣ ಕಂಬಳಿ ಹೊದಿಸಿ, ಇನ್ವರ್ಟರ್‌ಗೆ ಏರ್ ಪಂಪ್ ಹಾಕಿ, ಹೀಟರ್ ಹಾಕಿದ್ರೆ ಬ್ಯಾಟರಿ ಬೇಗ ಕೂತ್ಬಿಡತ್ತೆ.

ಕಾಫಿತೋಟ:
ಅಯ್ಯೋ ಅಣ್ಣ, ಔಷಧಿ ಬಾಟ್ಲಿ ಬಿಚ್ಚಿ ಕೂತಿದ್ದೆ! ಮರಿ ಬಂದ್ರೆ ಬಂಗಾಯ್ ಕಾರ್ಡಿನಲ್ ಥರ ಪೂರ್ತಿ ಮೀನಾಗೇ ಬರತ್ತಾ?

ಉಪ್ಪುನೀರು:
ಇಲ್ಲ, ಅದು ಬಂಗಾಯ್‌ದ ಸ್ವಭಾವ, ಅದು ಮೊಟ್ಟೆ ಒಡೆದ ಮೇಲೂ ಮರಿಗಳನ್ನ ಬಾಯಲ್ಲೇ ಇಟ್ಕೊಂಡಿರತ್ತೆ. ಪಜಾಮದ್ದು ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಮರಿ, ನೀರಲ್ಲಿ ತೇಲ್ತವೆ, ಅವು ತಿನ್ನೋ ರೋಟಿಫರ್, ಕೋಪೆಪಾಡ್ ಅನ್ನೋ ಪುಟಾಣಿ ನೀರುಜೀವಿಗಳು ರೆಡಿ ಇಲ್ದಿದ್ರೆ ಬದುಕಿಸೋದು ಕಷ್ಟ. ಈ ಸಲ ಅಪ್ಪನ್ನ ಉಳಿಸ್ಕೊಳ್ಳಿ ಸಾಕು.

ಕಾಫಿತೋಟ:
ಮೂರು ದಿನ ಆದ್ಮೇಲೆ ಬರೀತಿದೀನಿ. ನಿನ್ನೆ ರಾತ್ರಿ ಕೆಂಪು ಟಾರ್ಚಲ್ಲಿ ನೋಡಿದ್ರೆ ನೀರ್ ಮೇಲ್ಗಡೆ ಕೂದಲಿನ ಚೂರಿನಂಥವು ನೂರಾರು ಅಲ್ಲಾಡ್ತಿದ್ವು, ನಮ್ಮ ಗಂಡಿನ ಗಂಟಲು ಇಳಿದಿತ್ತು. ಬೆಳಗ್ಗೆಗೆ ಒಂದೂ ಇರ್ಲಿಲ್ಲ, ಹೊಟ್ಟೆ ಉರೀತು. ಸಂಜೆ ಲೈಟ್ ಆರಿಸಿದ್ಮೇಲೆ ಮೈಸಿಸ್ ಹಾಕ್ದೆ, ಮೊದ್ಲು ಬಂದಿದ್ದು ಅದೇ, ಏಳು ತಿಂತು. ರೋಟಿಫರ್ ಎಲ್ಲಿ ಸಿಗತ್ತೆ ಅಣ್ಣ?