ಅಪ್‌ಡೇಟ್: ಮೇಡೇ ಮೈಲ್‌ಗೆ ದುಡ್ಡು ಕೇಳುವ ಸಂಕೋಚ

ಬ್ರಿಟನ್ನಿನ ಸಮುದ್ರ ರಕ್ಷಣಾ ಸಂಸ್ಥೆ ಆರ್‌ಎನ್‌ಎಲ್‌ಐಗಾಗಿ ದುಡ್ಡು ಕೂಡಿಸಲು ಮೇ ತಿಂಗಳಿಡೀ ದಿನಕ್ಕೊಂದು ಮೈಲಿ ನಡೆಯುತ್ತೇನೆ (ಅದೇ ಮೇಡೇ ಮೈಲ್), ಆದರೆ ಆಫೀಸಿನವರ ಹತ್ತಿರ ದುಡ್ಡು ಕೇಳುವುದು ಹೇಗೆ ಅಂತ ಏಪ್ರಿಲ್‌ನಲ್ಲಿ ಕೇಳಿದ್ದೆ. "ಮೊದಲು ನೀವೇ ಹಾಕಿ, ಸೊನ್ನೆ ಕಂಡರೆ ಯಾರೂ ಕೈ ಬಿಚ್ಚುವುದಿಲ್ಲ" ಅಂದವರಿಗೆ ದೊಡ್ಡ ಥ್ಯಾಂಕ್ಸ್. ಗುರಿ ದಾಟಿತು!

ನಿಜ ಹೇಳಬೇಕೆಂದರೆ ನನ್ನ ನಡಿಗೆಗೆ ಯಾರೂ ಮರುಳಾಗಲಿಲ್ಲ. ಕೆಲಸ ಮಾಡಿದ್ದು ಪೇಜರ್ ಕಥೆ. ಪ್ಲಂಬರ್ರೋ ಮೇಷ್ಟ್ರೋ ಆಗಿರುವ ಇದರ ಸ್ವಯಂಸೇವಕರು ಸೊಂಟದಲ್ಲಿ ಪೇಜರ್ ಇಟ್ಟುಕೊಂಡಿರುತ್ತಾರೆ, ಅದು ಕೂಗಿದರೆ ಊಟದ ತಟ್ಟೆ ಬಿಟ್ಟು ಓಡಿ, ಹಳದಿ ಬೂಟು ಹಾಕಿ ದೋಣಿ ಹತ್ತುತ್ತಾರೆ, 1824ರಲ್ಲಿ ಶುರುವಾದ ಈ ಸಂಸ್ಥೆ ಈಗಲೂ ನಡೆಯುವುದು ಹೆಚ್ಚಾಗಿ ಜನ ಕೊಟ್ಟ ದುಡ್ಡಿನಲ್ಲೇ ಅಂತ ಕ್ಯಾಂಟೀನಿನಲ್ಲಿ ಹೇಳಿದ್ದೇ ತಡ, ಎದುರಿಗಿದ್ದವರು ಸುಮ್ನೆ ಫೋನ್ ತೆಗೆದರು.

ಇನ್ನೊಂದು, ಗಿಫ್ಟ್ ಏಡ್ (ದಾನದ ಮೇಲೆ ಸರ್ಕಾರ ತೆರಿಗೆಯ ಪಾಲು ಸೇರಿಸಿ ಕೊಡುವ ಯೋಜನೆ) ಟಿಕ್ ಮಾಡಿಸಿ. 10 ಪೌಂಡ್ ಕೊಟ್ಟರೆ ಸಂಸ್ಥೆಗೆ 12.50 ಸಿಗುತ್ತದೆ, ಕೊಡುವವರಿಗೆ ಜಾಸ್ತಿ ಖರ್ಚಿಲ್ಲ. ಆದರೆ ಇದು ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವವರಿಗೆ ಮಾತ್ರ, ಮೈಸೂರಿನ ಮಾವ ಎಷ್ಟೇ ಉತ್ಸಾಹ ತೋರಿಸಿದರೂ ಅವರ ಹೆಸರಲ್ಲಿ ಟಿಕ್ ಮಾಡುವ ಹಾಗಿಲ್ಲ.

ಮುಂದಿನ ವರ್ಷ ನನ್ನ ಹೆಂಡತಿ ಮೈಲಿಯನ್ನು ಈಜಿ ಮುಗಿಸುತ್ತಾಳಂತೆ. ಮೇ ತಿಂಗಳ ನೀರಿಗೆ ಎಷ್ಟು ದಪ್ಪದ ವೆಟ್‌ಸೂಟ್ ಬೇಕು, ಗೊತ್ತಿದ್ದವರು ಹೇಳಿ.